ಬಿಡುಗಡೆಯ ಮರುದಿನ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಮಹಿಳಾ ಸ್ವಾವಲಂಬನೆ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದ್ದಾರೆ. ವಿಷಯ ದೊಡ್ಡದು, ಸಮಯ ಕಡಿಮೆ. ಆದ್ದರಿಂದ ಒಂದೇ ಪ್ರಶ್ನೆಗೆ ಸೀಮಿತವಾಗುತ್ತೇನೆ: ಜೀತದಿಂದ ಬಿಡುಗಡೆಯಾಗಿ ಬಂದ ಹೆಣ್ಣುಮಗಳು ಮರುದಿನ ಬೆಳಿಗ್ಗೆ ಏನು ಮಾಡಬೇಕು?

ಜೀತವೆಂದರೆ ಹಳೆಯ ಕಾಲದ ಮಾತು ಎಂದು ವಿದ್ಯಾರ್ಥಿಗಳು ಭಾವಿಸಬಹುದು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಜೀತಕ್ಕೆ ಕಾರಣವಾದ ಸಾಲವನ್ನು ತೀರಿಸಬೇಕಾಗಿಲ್ಲ, ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಇಷ್ಟಾದರೂ 2000ನೇ ಇಸವಿಯಲ್ಲಿ, ಪಕ್ಕದ ಮಂಡ್ಯ ಜಿಲ್ಲೆಯ ಹಂಗರಹಳ್ಳಿ ಕಲ್ಲು ಕ್ವಾರಿಯಲ್ಲಿ ಕೂಲಿಗಳನ್ನು ಕಾಲಿಗೆ ಸರಪಳಿ ಹಾಕಿ ದುಡಿಸುತ್ತಿದ್ದುದು ಬೆಳಕಿಗೆ ಬಂತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದ ಜೀತ ಮಕ್ಕಳ ಬಗ್ಗೆ ವರದಿ ಪ್ರಕಟಿಸಿತು. ಕರ್ನಾಟಕದ ನೂಲು ಬಿಚ್ಚುವ ಘಟಕಗಳ ವಿವರವೂ ಅದರಲ್ಲಿದೆ. ಕೊಳ್ಳೇಗಾಲ ರೇಷ್ಮೆಯ ಊರು. ಈ ಕಸಬು ನಮ್ಮ ಸಮುದಾಯದ ಎಷ್ಟೋ ಮನೆಗಳ ಅನ್ನ. ಹಾಗಾಗಿ ಈ ವರದಿ ಬೇರೆಯವರ ವಿಷಯವೆಂದು ಪುಟ ತಿರುಗಿಸುವ ಅನುಕೂಲ ನಮಗಿಲ್ಲ.

ಇಂದು ಸರಪಳಿ ಕಾಣುವುದಿಲ್ಲ. ಅದರ ಬದಲು ಮುಂಗಡವಿದೆ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಪಡೆದವರು ಇಟ್ಟಿಗೆ ಗೂಡಿನಲ್ಲೋ ತೋಟದ ಲೈನ್ ಮನೆಯಲ್ಲೋ ಕೂತುಬಿಡುತ್ತಾರೆ. ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆ ಹೋದ ಹೆಂಗಸಿನ ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿದ್ದರೆ ಅದೂ ಇದೇ ಜಾತಿಯ ಕಟ್ಟು. 1982ರಲ್ಲಿ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ಮನೆಗೆಲಸಕ್ಕೆ ಜನ ಇಟ್ಟುಕೊಂಡಿರುವ ನಾವೆಲ್ಲ ಈ ಮಾತನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಬಿಡುಗಡೆಯಾದವರಿಗೆ ಸರ್ಕಾರದ ನೆರವಿದೆ. 2016ರ ಕೇಂದ್ರ ಯೋಜನೆಯಲ್ಲಿ ಪುರುಷರಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಸಾಗಾಣಿಕೆ ಮತ್ತು ಲೈಂಗಿಕ ಶೋಷಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಎಂದು ನಿಗದಿಯಾಯಿತು. ಆದರೆ ಪೂರ್ತಿ ಹಣ ಸಿಗುವುದು ಮಾಲೀಕನ ಮೇಲಿನ ಮೊಕದ್ದಮೆ ತೀರ್ಮಾನವಾದ ಮೇಲೆ. ಅಲ್ಲಿಯವರೆಗೆ ಕೈಗೆ ಬರುವುದು ಸಣ್ಣ ತುರ್ತು ನೆರವು ಮಾತ್ರ. ಕೋರ್ಟಿನ ತಾರೀಖು ಮುಂದೆ ಹೋಗುತ್ತದೆ, ಹೊಟ್ಟೆ ಕಾಯುವುದಿಲ್ಲ. ಹಳೆಯ ಮುಂಗಡದ ಮನುಷ್ಯ ಮತ್ತೆ ಬಾಗಿಲಿಗೆ ಬರುವುದು ಈ ಅವಧಿಯಲ್ಲೇ.

ಈ ನಡುವಿನ ಕಾಲಕ್ಕೆ ಅಡುಗೆಯ ಉದ್ಯೋಗ ಒಂದು ದಾರಿ ಎಂಬುದು ನನ್ನ ಅಭಿಪ್ರಾಯ. ಹೊಲಿಗೆ ಯಂತ್ರ ಹಂಚುವುದು ನಮಗೆ ರೂಢಿಯಾಗಿದೆ. ಆದರೆ ಹೊಲಿಗೆ ಕಲಿತು ಗಿರಾಕಿ ಹಿಡಿಯಲು ತಿಂಗಳುಗಳು ಬೇಕು. ಅಡುಗೆಯ ಕೈ ಹೆಚ್ಚಿನವರಿಗೆ ಮೊದಲೇ ಇರುತ್ತದೆ.

ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ನಿದರ್ಶನವಿದೆ. ಮುಂಬಯಿಯ ಗಿರಣಿ ಪ್ರದೇಶದಲ್ಲಿ ಊರು ಬಿಟ್ಟು ಬಂದ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುವ ಹೆಂಗಸರಿದ್ದರು. ಖಾನಾವಳಿ ಬಾಯಿಯರು ಎನ್ನುತ್ತಿದ್ದರು. ಕಾರ್ಮಿಕರು ಹಣ ಕೊಡುವುದು ಪಗಾರ ಬಂದ ಮೇಲೆ, ದಿನಸಿ ಬೇಕಾದದ್ದು ಇವತ್ತು. ಹಾಗಾಗಿ ಅಂಗಡಿಯವನಲ್ಲೂ ಬಡ್ಡಿಯವನಲ್ಲೂ ಸಾಲ, ಒಡವೆಯೆಲ್ಲ ಗಿರವಿ. ಕಾರ್ಮಿಕ ಸಂಘಟನೆಯಲ್ಲಿದ್ದ ಪ್ರೇಮಾ ಪುರವ್ ಅವರು 1975ರಲ್ಲಿ ಈ ಹೆಂಗಸರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಒಬ್ಬರಿಗೊಬ್ಬರು ಜಾಮೀನು ನಿಂತು ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಪಡೆದರು. ಅವರದು ಕಾನೂನಿನ ಅರ್ಥದ ಜೀತವಲ್ಲ, ನಿಜ. ಆದರೆ ಅಡುಗೆ ಬದಲಾಗಲಿಲ್ಲ, ಒಲೆಯೂ ಅದೇ, ಸಾಲ ಯಾರದು ಎಂಬುದೊಂದೇ ಬದಲಾಯಿತು ಎನ್ನುವುದನ್ನು ಗಮನಿಸಬೇಕು. ಮುಂದೆ 2002ರಲ್ಲಿ ಪ್ರೇಮಾ ಅವರಿಗೆ ಪದ್ಮಶ್ರೀ ಬಂತು.

ನಮ್ಮ ಹತ್ತಿರದಲ್ಲೂ ಪಾಠಗಳಿವೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಚಿಕಿತ್ಸೆಯಲ್ಲೇ ನಿಲ್ಲದೆ ಶಾಲೆಗೂ ಜೀವನೋಪಾಯಕ್ಕೂ ಕೈಹಾಕಿತು. ಮೈಸೂರಿನ ಒಡನಾಡಿ ಸೇವಾ ಸಂಸ್ಥೆ ಸಾಗಾಣಿಕೆಗೆ ಸಿಕ್ಕ ಹೆಣ್ಣುಮಕ್ಕಳ ರಕ್ಷಣೆಗೆ ದುಡಿಯುತ್ತಿದೆ. ನಮ್ಮ ಶಾಲೆಗಳ ಅಕ್ಷರ ದಾಸೋಹದ ಒಲೆಯ ಮುಂದೆ ಇರುವವರೂ ಊರಿನ ಹೆಂಗಸರೇ. ನೂರಾರು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಬಡಿಸುವ ಅವರಿಗೆ ಮದುವೆಯ ಅಡುಗೆ ಆಗದ ಕೆಲಸವೇನಲ್ಲ.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಅಡುಗೆ ಕಂಟ್ರಾಕ್ಟಿನ ವ್ಯಾಪಾರವೇ ಮುಂಗಡದ ಮೇಲೆ, ರಾತ್ರಿಯಿಡೀ ನಿಲ್ಲುವ ಅಗ್ಗದ ಕೂಲಿಯ ಮೇಲೆ ನಡೆಯುವಂಥದ್ದು. ಲೆಕ್ಕದ ಪುಸ್ತಕ ಹೆಂಗಸರ ಕೈಯಲ್ಲಿ ಇರದಿದ್ದರೆ ಒಂದು ಜೀತ ಹೋಗಿ ಇನ್ನೊಂದು ಬರುತ್ತದೆ. ಇನ್ನು ನಮ್ಮ ಕಡೆಯ ಮದುವೆಗಳಲ್ಲಿ ದೇಗ್ ಇಳಿಸುವುದು ಬಾವರ್ಚಿಗಳ ಕೆಲಸವೆಂದೇ ನಂಬಿಕೆ. ಇರಲಿ, ಚಿಕ್ಕದರಿಂದ ಆರಂಭಿಸೋಣ: ಅಖೀಖಾ, ಸಭೆಯ ಚಹಾ ತಿಂಡಿ, ರಂಜಾನಿನ ಇಫ್ತಾರ್. ಆಹಾರ ಸುರಕ್ಷತಾ ನೋಂದಣಿಯನ್ನು ಮೊದಲೇ ಮಾಡಿಸಬೇಕು. 2018ರ ಡಿಸೆಂಬರಿನಲ್ಲಿ ಹನೂರು ಭಾಗದ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡದ್ದನ್ನು ಈ ಸೀಮೆ ಮರೆತಿಲ್ಲ. ಪಾತ್ರೆಯ ಹತ್ತಿರ ಯಾರಿದ್ದರು, ಸಾಮಾನು ಎಲ್ಲಿಂದ ಬಂತು ಎಂಬ ಬರವಣಿಗೆ ಇರಲೇಬೇಕು.

ಮತ್ತೊಂದು ಮಾತು. ಆಗ್ರಾದಲ್ಲಿ 2014ರಲ್ಲಿ ಆಸಿಡ್ ದಾಳಿಗೆ ತುತ್ತಾದ ಹೆಂಗಸರ ಶೀರೋಸ್ ಕೆಫೆ ಆರಂಭವಾಯಿತು. ಮುಖ ಮರೆಸದೆ ನಿಲ್ಲುವುದು ಅವರೇ ಆರಿಸಿಕೊಂಡ ದಾರಿ. ನಾವು ಮಾತ್ರ ಯಾರನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿ ಅವರ ಕಥೆ ಹೇಳಿಸುವುದು ಬೇಡ. ಜೀತದಿಂದ ಬಂದವರೂ ಬರದವರೂ ಒಂದೇ ಸಂಘದಲ್ಲಿರಲಿ. ಊಟ ಚೆನ್ನಾಗಿದೆಯೇ ಎಂದಷ್ಟೇ ಕೇಳೋಣ.

ಬಂಡವಾಳವೆಲ್ಲಿ ಎಂದು ಹಿರಿಯರು ಕೇಳಬಹುದು. ಝಕಾತ್ ಸಲ್ಲಬೇಕಾದ ಎಂಟು ಬಾಬುಗಳಲ್ಲಿ ಗುಲಾಮರ ಬಿಡುಗಡೆಯೂ ಇದೆ, ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಅದನ್ನು ಇಂದಿನ ಜೀತಕ್ಕೆ ಹೇಗೆ ಅನ್ವಯಿಸಬೇಕೆಂದು ಉಲಮಾಗಳನ್ನು ಕೇಳಿ ತಿಳಿಯೋಣ. ಪಾತ್ರೆ, ಗ್ಯಾಸ್ ಒಲೆಗೆ ಬೇಕಾದ ಹಣ ಬಹಳ ದೊಡ್ಡದೇನಲ್ಲ.

ನನ್ನ ಬೇಡಿಕೆ ಎರಡೇ. ಮುಂದಿನ ವರ್ಷದ ಈ ಸಮಾರಂಭದ ಊಟವನ್ನು ಇಂಥ ಒಂದು ಮಹಿಳಾ ಸಂಘಕ್ಕೆ ವಹಿಸಿ, ಎಲೆ ಎತ್ತುವ ಮೊದಲೇ ಪೂರ್ತಿ ಹಣ ಪಾವತಿಸಬೇಕು. ಹಾಗೆಯೇ ಮುಂಗಡದಲ್ಲಿ ಸಿಕ್ಕಿಬಿದ್ದವರ ಸುದ್ದಿ ತಿಳಿದರೆ ಕೊಳ್ಳೇಗಾಲದ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಬರೆದುಕೊಡಲು ಸಂಸ್ಥೆಯಿಂದ ಇಬ್ಬರನ್ನು ನೇಮಿಸಬೇಕು. ಕನ್ನಡದಲ್ಲಿ ಅರ್ಜಿ ಬರೆಯುವ ಕೆಲಸಕ್ಕೆ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು.