ಅರ್ಧ ಬ್ಯಾಂಡಿನ ಲೆಕ್ಕ
(ಸಂಘದ ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮುಂಬಯಿಯ ನಮ್ಮ ಕನ್ನಡ ಮನೆಗಳಿಂದ ಇಂದು ಎಷ್ಟೋ ಹೆಣ್ಣುಮಕ್ಕಳು ಓದಿಗೆ, ನರ್ಸ್ ಕೆಲಸಕ್ಕೆ, ಮದುವೆಯಾಗಿ ಗಂಡನ ಜೊತೆಗೆ ಎಂದು ವಿದೇಶಕ್ಕೆ ಹೊರಡುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ದಾಟಬೇಕಾದ ಹೊಸ್ತಿಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ಕಾಲೇಜಿನ ಪಾಠದಿಂದ ನಿವೃತ್ತಳಾದ ಮೇಲೆ ನಾನು ಈ ಪರೀಕ್ಷೆಗೆ ಕೂರುವ ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದೇನೆ. ಫಲಿತಾಂಶ ಬಂದ ದಿನ ನನಗೆ ಫೋನ್ ಮಾಡುವವರು ಹೆಚ್ಚಾಗಿ ತಾಯಂದಿರು. "ಟೀಚರ್, ಅರ್ಧ ಬ್ಯಾಂಡ್ ಕಡಿಮೆಯಾಗಿದೆ. ರೀಮಾರ್ಕಿಂಗಿಗೆ ಹಾಕೋಣವಾ?" ಎಂಬುದೇ ಅವರ ಪ್ರಶ್ನೆ. ಇದಕ್ಕೆ ಒಂದೇ ಮಾತಿನಲ್ಲಿ ಹೌದು, ಇಲ್ಲ ಎನ್ನಲು ಬರುವುದಿಲ್ಲ. ಆದರೆ ಉತ್ತರ ಹುಡುಕುವ ದಾರಿ ಇದೆ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ ಪರೀಕ್ಷೆಯ ಸ್ವರೂಪ. ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಎಂದು ನಾಲ್ಕು ವಿಭಾಗಗಳು. ಪ್ರತಿಯೊಂದಕ್ಕೂ 9ರವರೆಗೆ ಬ್ಯಾಂಡ್. ನಾಲ್ಕರ ಸರಾಸರಿಯೇ ಒಟ್ಟು ಬ್ಯಾಂಡ್. ಪಾಸು, ಫೇಲು ಎಂಬುದು ಇಲ್ಲಿ ಇಲ್ಲ. ಎಷ್ಟು ಬೇಕು ಎಂದು ಹೇಳುವುದು ಆಯಾ ವಿಶ್ವವಿದ್ಯಾಲಯ, ಉದ್ಯೋಗದ ಮಂಡಳಿ ಅಥವಾ ವೀಸಾ ಇಲಾಖೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿಯನ್ನೇ ನೋಡಿ. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗಿನಲ್ಲಿ 6.5 ಅದು ಕೇಳುತ್ತದೆ. ಹಾಗಾಗಿ ಒಟ್ಟು 7 ಬಂದರೂ ರೈಟಿಂಗಿನಲ್ಲಿ 6 ಇದ್ದರೆ ಬಾಗಿಲು ತೆರೆಯುವುದಿಲ್ಲ.

ನಮ್ಮಲ್ಲಿ ಎಸ್‌ಎಸ್‌ಸಿ, ಎಚ್‌ಎಸ್‌ಸಿ ಪರೀಕ್ಷೆಯಾದರೆ ಉತ್ತರಪತ್ರಿಕೆಯ ನಕಲು ತರಿಸಿಕೊಂಡು, ಮೇಷ್ಟ್ರಿಗೆ ತೋರಿಸಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕುತ್ತೇವೆ. ಐಇಎಲ್‌ಟಿಎಸ್‌ನಲ್ಲಿ ಉತ್ತರಪತ್ರಿಕೆ ನಮ್ಮ ಕೈಗೆ ಬರುವುದಿಲ್ಲ. ಎಲ್ಲಿ ತಪ್ಪಿದೆ ಎಂಬ ವಿವರಣೆಯೂ ಸಿಗುವುದಿಲ್ಲ. ಆದ್ದರಿಂದ ಇರುವ ಅಂಕಗಳನ್ನೂ ಹುಡುಗಿಯ ನೆನಪನ್ನೂ ಇಟ್ಟುಕೊಂಡೇ ತೀರ್ಮಾನ ಮಾಡಬೇಕು.

ಮರುಮೌಲ್ಯಮಾಪನಕ್ಕೆ ಅವರ ಭಾಷೆಯಲ್ಲಿ 'ಎನ್‌ಕ್ವೈರಿ ಆನ್ ರಿಸಲ್ಟ್ಸ್' ಎನ್ನುತ್ತಾರೆ. ಪರೀಕ್ಷೆಯ ದಿನದಿಂದ 6 ವಾರಗಳೊಳಗೆ ಅರ್ಜಿ ಹಾಕಬೇಕು. ಗಮನಿಸಿ, ಫಲಿತಾಂಶ ಬಂದ ದಿನದಿಂದಲ್ಲ, ಪರೀಕ್ಷೆ ಬರೆದ ದಿನದಿಂದ. ನಾಲ್ಕೂ ವಿಭಾಗಗಳನ್ನು ಕೇಳಬೇಕೆಂದಿಲ್ಲ, ಬೇಕಾದುದನ್ನು ಮಾತ್ರ ಆರಿಸಿಕೊಳ್ಳಬಹುದು. ಹಿಂದಿನ ಅಂಕ ಗೊತ್ತಿಲ್ಲದ ಹಿರಿಯ ಪರೀಕ್ಷಕರು ಮತ್ತೆ ನೋಡುತ್ತಾರೆ. ಸ್ಪೀಕಿಂಗ್ ಪರೀಕ್ಷೆಯ ಧ್ವನಿಮುದ್ರಣ ಇರುತ್ತದೆ, ಅದನ್ನೇ ಮತ್ತೆ ಕೇಳುತ್ತಾರೆ. ಶುಲ್ಕ ಮೊದಲೇ ಕಟ್ಟಬೇಕು. ಅಂಕ ಬದಲಾದರೆ ಆ ಹಣ ವಾಪಸು ಬರುತ್ತದೆ. ಉತ್ತರ ಬರಲು ಕೆಲವು ದಿನಗಳಿಂದ ಮೂರು ವಾರಗಳವರೆಗೆ ಹಿಡಿಯಬಹುದು.

ಈಗ ತೀರ್ಮಾನದ ಮಾತು. ನಾನು ಮಕ್ಕಳಿಗೆ ನಾಲ್ಕು ಪ್ರಶ್ನೆ ಕೇಳುತ್ತೇನೆ.

ಒಂದು: ಕಡಿಮೆಯಾಗಿರುವುದು ಯಾವ ವಿಭಾಗದಲ್ಲಿ? ಲಿಸನಿಂಗ್ ಮತ್ತು ರೀಡಿಂಗಿನಲ್ಲಿ ತಲಾ 40 ಪ್ರಶ್ನೆಗಳು, ಉತ್ತರ ಸರಿ ಅಥವಾ ತಪ್ಪು. ಇನ್ನೊಬ್ಬರು ನೋಡಿದರೂ ಎಣಿಕೆ ಬದಲಾಗುವ ಸಂಭವ ತೀರಾ ಕಡಿಮೆ. ರೈಟಿಂಗ್ ಮತ್ತು ಸ್ಪೀಕಿಂಗ್ ಹಾಗಲ್ಲ. ಅಲ್ಲಿ ಮನುಷ್ಯರು ಓದಿ, ಕೇಳಿ, ತೂಗಿ ಅಂಕ ಕೊಡುತ್ತಾರೆ. ವಿಷಯಕ್ಕೆ ಉತ್ತರಿಸಿದ ರೀತಿ, ಮಾತಿನ ಜೋಡಣೆ, ಪದಸಂಪತ್ತು, ವ್ಯಾಕರಣ ಎಂದು ರೈಟಿಂಗಿಗೆ ನಾಲ್ಕು ಅಳತೆಗೋಲುಗಳಿದ್ದರೂ ಇಬ್ಬರ ತೂಕ ಒಂದೇ ಆಗಬೇಕೆಂದಿಲ್ಲ. ಮರುಮೌಲ್ಯಮಾಪನಕ್ಕೆ ಅರ್ಥವಿರುವುದು ಹೆಚ್ಚಾಗಿ ಇಲ್ಲಿಯೇ.

ಎರಡು: ಅರ್ಧ ಬ್ಯಾಂಡ್ ಏರಿದರೆ ನಿಮ್ಮ ಕೆಲಸ ಆಗುತ್ತದೆಯೇ? ಇದನ್ನು ಅಡುಗೆಮನೆ ಲೆಕ್ಕದಷ್ಟೇ ಸುಲಭವಾಗಿ ಮಾಡಬಹುದು. ಒಬ್ಬ ಹುಡುಗಿಗೆ 6.5, 6.5, 5.5, 6 ಬಂದಿದೆ ಎನ್ನೋಣ. ಕೂಡಿದರೆ 24.5, ಸರಾಸರಿ 6.125, ಒಟ್ಟು ಬ್ಯಾಂಡ್ 6. ರೈಟಿಂಗಿನ 5.5 ಮರುಮೌಲ್ಯಮಾಪನದಲ್ಲಿ 6 ಆದರೆ ಮೊತ್ತ 25, ಸರಾಸರಿ 6.25. ಕಾಲು ಬಂದರೆ ಮೇಲಿನ ಅರ್ಧಕ್ಕೆ ಏರಿಸುತ್ತಾರೆ, ಹಾಗಾಗಿ ಒಟ್ಟು 6.5. ಒಂದೇ ವಿಭಾಗದ ಅರ್ಧ ಬ್ಯಾಂಡ್ ಅವಳ ಒಟ್ಟು ಅಂಕವನ್ನೇ ಏರಿಸಿತು. ಇನ್ನೊಬ್ಬಳಿಗೆ 7, 6.5, 6, 6.5 ಬಂದಿದೆ, ಒಟ್ಟು 6.5. ಅವಳಿಗೆ ಬೇಕಾದದ್ದು ಒಟ್ಟು 7. ರೈಟಿಂಗ್ 6.5 ಆದರೂ ಸರಾಸರಿ 6.625, ಒಟ್ಟು ಮತ್ತೆ 6.5ಯೇ. ಅರ್ಧ ಬ್ಯಾಂಡಿನ ಆಸೆಗೆ ಅವಳು ಶುಲ್ಕ ಕಟ್ಟುವುದಕ್ಕಿಂತ ಎರಡನೇ ಪರೀಕ್ಷೆಗೆ ತಯಾರಾಗುವುದೇ ಮೇಲು.

ಮೂರು: ಆ ದಿನ ನಿಜವಾಗಿ ಏನಾಯಿತು? ರೈಟಿಂಗಿನ ಎರಡೂ ಭಾಗ ಮುಗಿಸಿದೆಯಾ? ಮೊದಲನೆಯದಕ್ಕೆ 150, ಎರಡನೆಯದಕ್ಕೆ 250 ಪದಗಳಾದರೂ ಆದವಾ? ಕೇಳಿದ ಪ್ರಶ್ನೆಗೇ ಬರೆದೆಯಾ, ಬಾಯಿಪಾಠ ಮಾಡಿದ ಪ್ರಬಂಧ ಇಳಿಸಿದೆಯಾ? ಎರಡನೆಯ ಭಾಗಕ್ಕೆ ಮೊದಲನೆಯದರ ಎರಡರಷ್ಟು ತೂಕವಿದೆ. ಅದು ಅರ್ಧಕ್ಕೆ ನಿಂತಿದ್ದರೆ ಅಂಕ ಕಡಿಮೆಯಾದದ್ದಕ್ಕೆ ಕಾರಣ ಅಲ್ಲೇ ಇದೆ. ಎಲ್ಲ ಸರಿಯಾಗಿ ಬರೆದಿದ್ದಾಳೆ, ಉಳಿದ ಮೂರರಲ್ಲಿ 7.5 ಇದೆ, ಅಭ್ಯಾಸದಲ್ಲೂ ಚೆನ್ನಾಗಿ ಬರೆಯುತ್ತಿದ್ದಳು, ಆದರೂ ರೈಟಿಂಗಿನಲ್ಲಿ ಮಾತ್ರ 6 ಎಂದರೆ, ಕೇಳುವುದು ನ್ಯಾಯ.

ನಾಲ್ಕು: ದಿನಗಳು ಎಷ್ಟು ಉಳಿದಿವೆ? ಪ್ರವೇಶದ ಕೊನೆಯ ದಿನಾಂಕ, ವೀಸಾ ಅರ್ಜಿ, ಮರುಮೌಲ್ಯಮಾಪನದ ಗಡುವು, ಮೂರನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಉತ್ತರ ಬರುವುದಕ್ಕೆ ಮೊದಲೇ ಪ್ರವೇಶದ ಗಡುವು ಮುಗಿಯುವುದಾದರೆ, ಅಂಕ ಏರಿದರೂ ಪ್ರಯೋಜನವಿಲ್ಲ.

ಇದರ ಜೊತೆಗೆ ಇನ್ನೊಂದು ದಾರಿ ಇದೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದವರು 60 ದಿನಗಳೊಳಗೆ ಒಂದೇ ಒಂದು ವಿಭಾಗವನ್ನು ಮತ್ತೆ ಬರೆಯಬಹುದು. ಇದಕ್ಕೆ 'ಒನ್ ಸ್ಕಿಲ್ ರೀಟೇಕ್' ಎಂದು ಹೆಸರು. ಉಳಿದ ಮೂರರ ಅಂಕ ಹಾಗೆಯೇ ಉಳಿಯುತ್ತದೆ. ಆದರೆ ಎಲ್ಲ ಸಂಸ್ಥೆಗಳೂ ಇದನ್ನು ಒಪ್ಪುವುದಿಲ್ಲ. ಹಣ ಕಟ್ಟುವ ಮೊದಲು ನೀವು ಅರ್ಜಿ ಹಾಕಿದ ಸಂಸ್ಥೆಗೇ ಇಮೇಲ್ ಬರೆದು ಕೇಳಿ. ಏಜೆಂಟರ ಬಾಯಿಮಾತನ್ನು ನಂಬಿ ಕೂರಬೇಡಿ.

ನನ್ನ ಬಳಿ ಕಲಿತ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಪರೀಕ್ಷೆಯ ಶುಲ್ಕವನ್ನು ತನ್ನ ಸಂಬಳದಿಂದಲೇ ಕಟ್ಟಿದ್ದಳು. ಲಿಸನಿಂಗ್ 7.5, ರೀಡಿಂಗ್ 7.5, ಸ್ಪೀಕಿಂಗ್ 7, ರೈಟಿಂಗ್ 6. ಅಪ್ಪ "ಇನ್ನು ದುಡ್ಡು ದಂಡ ಮಾಡಬೇಡ" ಎಂದರು. ಅಮ್ಮ ದೇವರಿಗೆ ಹರಕೆ ಹೊತ್ತರು. ನಾವಿಬ್ಬರೂ ಕೂತು ಈ ನಾಲ್ಕು ಪ್ರಶ್ನೆ ಹಾಕಿಕೊಂಡೆವು. ನಾಲ್ಕಕ್ಕೂ ಉತ್ತರ ಕೇಳುವುದರ ಕಡೆಗೇ ಇತ್ತು. ಅವಳು ರೈಟಿಂಗಿಗೆ ಮಾತ್ರ ಅರ್ಜಿ ಹಾಕಿದಳು, ಆದರೆ ಅದೇ ವಾರದಿಂದ ನೈಟ್ ಡ್ಯೂಟಿ ಮುಗಿಸಿ ಬಂದು ದಿನಕ್ಕೊಂದು ಪ್ರಬಂಧವನ್ನೂ ಬರೆದಳು. ಅಂಕ ಬದಲಾಗಲಿಲ್ಲ. ಹಣ ಹೋಯಿತು, ಆದರೆ ಸಮಯ ಹೋಗಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ರೈಟಿಂಗಿಗೆ 6.5 ಬಂತು. ಅರ್ಜಿ ಹಾಕಿದ್ದು ತಪ್ಪೆಂದು ಅವಳಿಗೂ ಅನಿಸಿಲ್ಲ, ನನಗೂ ಅನಿಸಿಲ್ಲ. ಕೇಳದೆ ಬಿಟ್ಟಿದ್ದರೆ "ಕೇಳಬೇಕಿತ್ತೇನೋ" ಎಂಬ ಕೊರಗು ಉಳಿಯುತ್ತಿತ್ತು. ಬರೀ ಉತ್ತರಕ್ಕಾಗಿ ಕಾದು ಕೂತಿದ್ದರೆ ಮೂರು ವಾರ ವ್ಯರ್ಥವಾಗುತ್ತಿತ್ತು.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಅಂಕ ಕಡಿಮೆಯಾದಾಗ ನೆಂಟರಿಷ್ಟರು, "ಮನೆಯಲ್ಲಿ ಬರೀ ಕನ್ನಡ ಮಾತಾಡಿದ್ದಕ್ಕೇ ಹೀಗಾಯ್ತು" ಎಂದು ಬಿಡುತ್ತಾರೆ. ಹೊರನಾಡಿನಲ್ಲಿ ಕಷ್ಟಪಟ್ಟು ಮನೆಮಾತು ಉಳಿಸಿಕೊಂಡ ಅಮ್ಮನ ತಲೆಗೆ ಆ ಹೊರೆ ಬೀಳುತ್ತದೆ. ಅದನ್ನು ಹೊರಬೇಡಿ. ಈ ಪರೀಕ್ಷೆಯಲ್ಲಿ ಇಂಗ್ಲೆಂಡಿನವರ ಹಾಗೆ ಮಾತನಾಡಬೇಕೆಂಬ ನಿಯಮವಿಲ್ಲ. ಉಚ್ಚಾರ ಸ್ಪಷ್ಟವಾಗಿ ಅರ್ಥವಾಗುತ್ತದೆಯೇ ಎಂದು ನೋಡುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡುವ ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ಭಾಷೆಯನ್ನು ಪಳಗಿಸುವುದು ಹೊಸದೇನೂ ಅಲ್ಲ.

ಇನ್ನು ನಿರ್ಧಾರ ಮಗಳದೇ ಆಗಿರಲಿ. "ಪಕ್ಕದ ಮನೆಯವಳಿಗೆ ಬಂತಲ್ಲ" ಎಂಬ ಹೋಲಿಕೆಯಿಂದಾಗಲಿ, ಪರೀಕ್ಷಕರ ಮೇಲಿನ ಸಿಟ್ಟಿನಿಂದಾಗಲಿ ಅರ್ಜಿ ಹಾಕಿಸಬೇಡಿ. ಹಾಗೆಯೇ, "ಹೆಣ್ಣುಮಗಳ ಮೇಲೆ ಇನ್ನೆಷ್ಟು ಖರ್ಚು" ಎಂಬ ಮಾತಿಗೆ ಹೆದರಿ ನ್ಯಾಯವಾದ ಅರ್ಜಿಯನ್ನು ತಡೆಯಲೂ ಬೇಡಿ. ಫಲಿತಾಂಶ ಬಂದ ಮೇಲೆ ಎರಡು ದಿನ ಅವಳಷ್ಟಕ್ಕೆ ಬಿಡಿ. ಮೂರನೆಯ ದಿನ ಒಂದು ಕಾಗದ, ಪೆನ್ನು, ಕ್ಯಾಲೆಂಡರು ಹಿಡಿದು ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಇಂಗ್ಲಿಷ್ ಬಾರದ ತಾಯಿಗೂ ಈ ಲೆಕ್ಕ ಬರುತ್ತದೆ.

ಈ ಪರೀಕ್ಷೆಗೆ ಕೂರುವ ಮಕ್ಕಳಿದ್ದರೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಿ, ಅಂಕಪಟ್ಟಿಯನ್ನೂ ಜೊತೆಗೆ ತನ್ನಿ.