ಕೆರೆ ನೀರು ಹಸಿರಾದಾಗ



ನಮ್ಮ ಕೊಡಿಗೇನಹಳ್ಳಿಗೆ ಸಮುದ್ರ ಬಹಳ ದೂರ. ನಮಗಿರೋದು ಜಯಮಂಗಲಿ ಹೊಳೆ, ಆಮೇಲೆ ಕೆರೆಗಳು. ಒಳ್ಳೇ ಮಳೆ ಬಂದರೆ ಕೆರೆ ತುಂಬುತ್ತೆ. ಆಗ ಮೀನುಮರಿ ಬಿಡ್ತಾರೆ. ಕಾಟ್ಲಾ, ರೋಹು, ಗೆಂಡೆ ಬೆಳೀತಾವೆ.

ಕೆಲವು ವರ್ಷ ನೀರು ಹಸಿರು ಬಣ್ಣ ಕದಡಿದ ಹಾಗೆ ಆಗುತ್ತೆ. ಒಂದು ಬೆಳಿಗ್ಗೆ ನೋಡಿದರೆ ಮೀನೆಲ್ಲ ಸತ್ತು ತೇಲ್ತಿರ್ತಾವೆ. "ಯಾರೋ ವಿಷ ಹಾಕಿದ್ರು" ಅಂತ ಊರಲ್ಲಿ ಜಗಳ. ವಿಷ ಯಾರೂ ಹಾಕದೆಯೂ ಹೀಗಾಗುತ್ತೆ. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತವು. ಆ ಕೆರೆಗೆ ಚರಂಡಿ ನೀರು ಸೇರ್ತಿತ್ತು.

ಇದು ಹೇಗೆ? ಹೊಲಕ್ಕೆ ಹಾಕಿದ ಗೊಬ್ಬರ ಮಳೆಯಲ್ಲಿ ಕೊಚ್ಚಿ ಕೆರೆಗೆ ಬರುತ್ತೆ. ಬಚ್ಚಲು ನೀರು, ಸೋಪಿನ ನೀರು, ಕೋಳಿ ಗೊಬ್ಬರ ಎಲ್ಲಾ ಸೇರುತ್ತೆ. ಬಟ್ಟೆ ಒಗೆಯೋರು ನಾವೇ ಅಲ್ವಾ? ನಮ್ಮ ಪಾಲೂ ಇದೆ. ಪೈರಿಗೆ ಗೊಬ್ಬರ ಹೇಗೋ, ಪಾಚಿಗೂ ಹಾಗೇ. ಹುಲುಸಾಗಿ ಬೆಳೆಯುತ್ತೆ.

ಹಗಲು ಬಿಸಿಲಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತೆ. ಆಮ್ಲಜನಕ ಅಂದರೆ ಉಸಿರಿಗೆ ಬೇಕಾದ ಗಾಳಿ. ರಾತ್ರಿ ಅದೇ ಪಾಚಿ ಆ ಗಾಳಿಯನ್ನ ತಾನೇ ಬಳಸುತ್ತೆ. ಬೆಳಗಿನ ಜಾವಕ್ಕೆ ಮೀನಿಗೆ ಉಳಿಯೋದಿಲ್ಲ. ಮೋಡ ಮುಚ್ಚಿದ ದಿನ ಇನ್ನೂ ಕಷ್ಟ.

ಸಮುದ್ರದಲ್ಲೂ ಇಂಥದ್ದಿದೆ. 2020ರ ನವೆಂಬರಿನಲ್ಲಿ ಮಲ್ಪೆ, ಕಾರವಾರದ ಕಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದವು. ಜನ ಚಂದ ಅಂತ ನೋಡೋಕೆ ಹೋದರು. ಅದು ಕೂಡ ಸಣ್ಣ ಜೀವಿಗಳು ಹೆಚ್ಚಾದದ್ದು. ವಿಪರೀತವಾದರೆ ಅಲ್ಲಿನ ಮೀನಿಗೂ ಉಸಿರು ಕಟ್ಟುತ್ತೆ.

ನಸುಕಲ್ಲಿ ಕೆರೆ ಕಡೆ ಮೊದಲು ಹೋಗೋರು ನಾವು ಹೆಂಗಸರು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದರೆ ತಕ್ಷಣ ಕೂಗಿ ಹೇಳಬೇಕು. ಅವತ್ತು ಮೇವು, ಗೊಬ್ಬರ ಹಾಕಬಾರದು. ಪಂಪು ಹಚ್ಚಿ ಕೆರೆ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಬೇಕು. ನೀರಿಗೆ ಗಾಳಿ ಸೇರುತ್ತೆ.

ಕೆಲವರು ಮೈಲುತುತ್ತ ಸುರೀತಾರೆ. ಅಡಿಕೆಗೆ ಹೊಡೆಯೋದು ಮನೇಲಿರುತ್ತಲ್ಲ. ಬೇಡ್ರವ್ವ! ಪಾಚಿ ಒಟ್ಟಿಗೇ ಸತ್ತು ಕೊಳೆತರೆ ಇದ್ದಬದ್ದ ಗಾಳಿಯೂ ಹೋಗುತ್ತೆ. ದಡಕ್ಕೆ ಬಂದ ಪಾಚಿಯನ್ನ ಬಲೆಯಲ್ಲಿ ಎತ್ತಿ ಹಾಕೋದೇ ಮೇಲು.

ಕೆಲವು ಪಾಚಿಯಲ್ಲಿ ವಿಷವೂ ಇರುತ್ತೆ. ಆ ನೀರನ್ನ ದನಕ್ಕೆ ಕುಡಿಸಬೇಡಿ. ಸತ್ತ ಮೀನು ಅಗ್ಗಕ್ಕೆ ಸಿಕ್ಕಿತು ಅಂತ ಸಾರು ಮಾಡಬೇಡಿ. ಗುಂಡಿ ತೋಡಿ ಹೂಳಿಸಿ.

ಬಚ್ಚಲು ನೀರನ್ನ ಹಿತ್ತಲಿನ ಬಾಳೆಗೆ, ತೆಂಗಿಗೆ ತಿರುಗಿಸೋಣ. ಚರಂಡಿಯನ್ನ ಕೆರೆಗೆ ಬಿಡಬೇಡಿ ಅಂತ ಗ್ರಾಮಸಭೆಯಲ್ಲಿ ಕೇಳೋಣ. ಅರ್ಜಿ ಬರೆಯೋಕೆ ಈಗ ನಮಗೇ ಬರುತ್ತೆ.