ಬಳ್ಳಾರಿ ಜಾಲಿಗೆ ಚಿಪ್ಪರ್: ಬಾಡಿಗಿ ಕೊಡೋ ಮುಂಚೆ ಲೆಕ್ಕ ಹಾಕ್ರಿ

ಬಾಗಲವಾಡದಿಂದ ಮಾನ್ವಿ ಕಡೆ ಹೊಂಟ್ರ ಪಾಳು ಬಿದ್ದ ಹೊಲ, ಹಳ್ಳದ ದಂಡಿ, ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ ಕಂಟಿ. "ಟ್ರ್ಯಾಕ್ಟರಿಗೆ ಹಚ್ಚೋ ಚಿಪ್ಪರ್ ಬಾಡಿಗಿಗೆ ತಂದ್ರ ಹೊಲ ಸಾಫ್ ಆಗ್ತದಲ್ಲ?" ಅಂತ ಕೇಳ್ತೀರಿ. ನಾನು ಓದಿದ್ದು ಬಿ.ಕಾಂ. ಹಂಗಾಗಿ ಮೊದಲು ಖರ್ಚಿನ ಲೆಕ್ಕ.

ಚಿಪ್ಪರ್ ಮರ ಕಡಿಯೋದಿಲ್ಲ, ಬೇರು ಕೀಳೋದಿಲ್ಲ. ಕಡಿದ ಟೊಂಗಿ ಚೂರು ಮಾಡ್ತದ, ಅಷ್ಟೇ. ಜಾಲಿಯ ಜೀವ ಇರೋದು ನೆಲಮಟ್ಟದ ಬೊಡ್ಡಿಯಲ್ಲಿ. ಮೇಲೆ ಮೇಲೆ ಕಡಿದು ಬಿಟ್ರ ಒಂದು ಕಾಂಡ ಇದ್ದ ಕಡೆ ನಾಕೈದು ಚಿಗುರು ಏಳ್ತಾವ. ಗುದ್ದಲಿಯಿಂದಲೋ ಜೆಸಿಬಿಯಿಂದಲೋ ಬೊಡ್ಡಿ ಸಮೇತ ಕಿತ್ತರೇ ಕೆಲಸ ಮುಗಿದಂಗ. ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಕಾಯ್ತದ. ಆಡು, ದನ ಕಾಯಿ ತಿಂದು ಸಗಣಿಯಲ್ಲಿ ಮತ್ತೆ ಬಿತ್ತುತ್ತಾವ. ಅದಕ್ಕೆ ಕಾಯಿ ಹಣ್ಣಾಗೋ ಮುಂಚೆ ಕಡೀರಿ, ಮುಂದಿನ ಮಳೆಗಾಲಕ್ಕೂ ಸಸಿ ಕೀಳೋ ಕೂಲಿ ಎತ್ತಿಡ್ರಿ. ಅದಕ್ಕೆ ರೊಕ್ಕ ಇಲ್ಲಾಂದ್ರ ಚಿಪ್ಪರ್ ಬಾಡಿಗಿನೂ ದಂಡ.

ಬಾಡಿಗಿ ಗಂಟೆ ಲೆಕ್ಕದ್ದಾದ್ರೆ, ಮಷಿನ್ ಬರೋ ಮುಂಚೆ ಎಲ್ಲಾ ಕಡಿದು, ಬುಡ ಒಂದೇ ಕಡೆ ಬರೋ ಹಂಗ ಒಟ್ಟಿ ಇಡ್ರಿ. ದಪ್ಪ ಕಾಂಡ ಚಿಪ್ಪರಿಗೆ ಹಾಕೋದು ನಷ್ಟ. ಅದು ಕಟಗಿಯಾಗಿ, ಇದ್ದಲಿಯಾಗಿ ಮಾರಾಟ ಆಗ್ತದ. ಊರಾಗ ಎಷ್ಟೋ ಮನಿ ಒಲಿ ಉರಿಯೋದು ಈ ಜಾಲಿಯಿಂದಲೇ. ಕಟಗಿಗೆ ಬರೋ ಹೆಣ್ಣುಮಕ್ಕಳಿಗೆ ಮೊದಲೇ ಹೇಳ್ರಿ, ಅವರ ಪಾಲು ಬಿಡ್ರಿ. ಮುಳ್ಳಿನ ಸಣ್ಣ ಟೊಂಗಿ ಮಾತ್ರ ಮಷಿನಿಗೆ.

ಮಾಲೀಕರನ್ನ ನಾಕು ಮಾತು ಕೇಳ್ರಿ. ಡೀಸೆಲ್ ಯಾರದು? ಗಂಟೆ ಎಲ್ಲಿಂದ ಎಣಿಸ್ತೀರಿ? ಎಷ್ಟು ಇಂಚಿನ ಟೊಂಗಿ ನುಂಗ್ತದ? ಬ್ಲೇಡ್ ಮುರಿದ್ರ ಯಾರು ಕೊಡಬೇಕು? ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಾಗೂ ವಿಚಾರಿಸ್ರಿ. ಆದ್ರೆ ಹತ್ತಿ ಕಟಗಿ ಪುಡಿ ಮಾಡೋ ಶ್ರೆಡ್ಡರ್ ಕೊಟ್ರ ಅದಕ್ಕೆ ಜಾಲಿ ಹಾಕಬ್ಯಾಡ್ರಿ.

ಈಗ ಮುಖ್ಯ ಮಾತು. ಟ್ರ್ಯಾಕ್ಟರ್ ಪಿಟಿಒ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗ್ತದ. ಟವಲ್, ಲುಂಗಿ, ಸೀರೆ ಸೆರಗು ಸಿಕ್ಕರೆ ಮನುಷ್ಯನನ್ನೇ ಎಳಕೊಳ್ತದ. ಶಾಫ್ಟಿನ ಮೇಲೆ ಗಾರ್ಡ್ ಇಲ್ಲದ ಮಷಿನ್ ವಾಪಸ್ ಕಳಿಸ್ರಿ. ಬಾಯಿಯ ಮುಂದೆ ಅಲ್ಲ, ಪಕ್ಕಕ್ಕೆ ನಿಂತು, ಬುಡ ಮುಂದೆ ಮಾಡಿ ಹಾಕ್ರಿ. ಸಿಕ್ಕಿಕೊಂಡ್ರ ಎಂಜಿನ್ ಬಂದ್ ಮಾಡಿ, ಬ್ಲೇಡ್ ಪೂರ್ತಿ ನಿಂತ ಮೇಲೆ ಮುಟ್ಟ್ರಿ. ಕಣ್ಣಿಗೆ ಗಾಗಲ್, ಕಾಲಿಗೆ ಬೂಟು ಇರಲಿ. ಚಪ್ಪಲಿ ಸಾಲದು, ಈ ಮುಳ್ಳು ಟೈರನ್ನೂ ಬಿಡೋದಿಲ್ಲ. ಕೂಲಿಗೆ ಬಂದವರ ಕೈಗೂ ನಿಮ್ಮ ಕೈಯಷ್ಟೇ ಬೆಲೆ.

ಬಂದ ಚೂರನ್ನ ಹಸಿದೇ ಮಣ್ಣಿಗೆ ಕಲಸಬ್ಯಾಡ್ರಿ, ಕೊಳೆಯುವಾಗ ಬೆಳೆಯ ಸಾರಜನಕ ಎಳಕೊಳ್ತದ. ದಾರಿಗೆ ಹಾಸ್ರಿ, ಇಲ್ಲಾ ಒಣಗಿಸಿ ಉರಿಸ್ರಿ. ದೊಡ್ಡ ಗುಡ್ಡೆ ಬಹಳ ದಿನ ಇಟ್ರ ಒಳಗೇ ಕಾವೇರಿ ಬೆಂಕಿ ಹತ್ತಬಹುದು.

ಇನ್ನೊಂದು. ಬನ್ನಿಯೂ ಮುಳ್ಳಿನ ಮರವೇ, ಬಳ್ಳಾರಿ ಜಾಲಿಗೆ ಹತ್ತಿರದ ಸಂಬಂಧಿ. ಆದರೆ ಅದು ನಮ್ಮ ನೆಲದ್ದು, ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಬನ್ನಿ, ಬೇವು, ಕರಿಜಾಲಿಗೆ ಮೊದಲೇ ಸುಣ್ಣದ ಗುರುತು ಹಾಕ್ರಿ. ಗೋಮಾಳ, ಹಳ್ಳದ ದಂಡಿ ನಿಮ್ಮದಲ್ಲ, ಕೇಳದೆ ಕೈ ಹಚ್ಚಬ್ಯಾಡ್ರಿ.

ನಿಮ್ಮ ಕಡೆ ಚಿಪ್ಪರ್ ಬಾಡಿಗಿ ಎಷ್ಟು ನಡೆದದ? ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ವಾರ ಸಿಗೋಣ.